ಅಪ್ಪನ ಎದೆಯೊಳಗೊಂದು ಒಡ್ಡು

ಆ ರಿಪೋರ್ಟಿನ ಕಾಗದ ಇನ್ನೂ ನನ್ನ ಹತ್ತಿರ ಇದೆ. ಮಡಚಿ ಮಡಚಿ ನಡುವೆ ಹರಿದಿದೆ. ಒಂದು ಮೂಲೆಯಲ್ಲಿ ಚಹಾ ಕಲೆ. ಬಿಳಿ ರಕ್ತಕಣ 14,600. ಪಕ್ಕದಲ್ಲಿ ಇರಬೇಕಾದ ಲೆಕ್ಕ, 4,000ದಿಂದ 11,000. ಅದರ ಕೆಳಗೆ, ಬಿಳಿ ಕಣಗಳಲ್ಲೇ ಒಂದು ಜಾತಿಯಾದ ನ್ಯೂಟ್ರೋಫಿಲ್ ಶೇಕಡಾ 84. ಎರಡೂ ಅಂಕಿಗಳನ್ನು ದಪ್ಪ ಅಕ್ಷರದಲ್ಲಿ ಹೊಡೆದಿದ್ದರು.

ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿ ಎರಡನೇ ದಿನ ಅದು. ಸ್ಟೆಂಟ್ ಹಾಕಿಯಾಗಿತ್ತು. ಹಣೆ ಮುಟ್ಟಿದರೆ ಬಿಸಿ, ಥರ್ಮಾಮೀಟರಿನಲ್ಲಿ 100. ನಾನು ಕಾಗದ ಹಿಡಿದುಕೊಂಡು ಕೌಂಟರಿಗೆ ಓಡಿದೆ. "ಇನ್‌ಫೆಕ್ಷನ್ ಆಗಿದೆ ನೋಡಿ, ಆಂಟಿಬಯಾಟಿಕ್ ಎಂತಕ್ಕೆ ಕೊಡಲಿಲ್ಲ?" ಅಂತ ಸ್ವಲ್ಪ ಜೋರಾಗಿಯೇ ಕೇಳಿದೆ. ಡ್ಯೂಟಿಯಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರು, ನನ್ನ ಹಳೇ ವಿದ್ಯಾರ್ಥಿಗಳ ಓರಗೆಯವರು. ಕಾಗದ ನೋಡಿದರು, ಅಪ್ಪನ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು, ಆಮೇಲೆ ಹೇಳಿದರು: "ಮೇಡಂ, ಸೋಂಕಿನ ಲಕ್ಷಣ ಏನೂ ಕಾಣ್ತಿಲ್ಲ. ಹೃದಯದಲ್ಲಿ ಒಂದಿಷ್ಟು ಸ್ನಾಯು ಸತ್ತಿದೆ ಅಲ್ವಾ? ಅದನ್ನ ಎತ್ತಿ ಹಾಕೋಕೆ ಹೊರಟಿರೋ ಕಣ ಇವು. ಬರಲೇಬೇಕು. ನಾವು ನೋಡ್ಕೊಳ್ತಿದ್ದೀವಿ, ಹೆದರಬೇಡಿ."

ನಾನು ಕುಮಟೆಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಹದಿನಾರು ವರ್ಷ ಆಯಿತು. ಮೂರ್ನಾಲ್ಕು ಹಾಲೆಯ ಕೋಶಕೇಂದ್ರ ಇರುವ ನ್ಯೂಟ್ರೋಫಿಲ್ ಚಿತ್ರವನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬಿಡಿಸಬಲ್ಲೆ. "ಬ್ಯಾಕ್ಟೀರಿಯಾ ಒಳಗೆ ಬಂದರೆ ಮೊದಲು ಓಡುವ ಸೈನಿಕರು" ಅಂತ ಪ್ರತಿ ವರ್ಷ ಅದೇ ಮಾತು ಹೇಳಿ ಮುಗಿಸುತ್ತಿದ್ದೆ. ಆ ಸೈನಿಕರು ನನ್ನ ಅಪ್ಪನ ರಿಪೋರ್ಟಿನಲ್ಲಿ ಬಂದು ನಿಂತಾಗ ಗುರುತೇ ಸಿಗಲಿಲ್ಲ. ನಾಚಿಕೆಯಾಯಿತು. ಆವತ್ತಿನಿಂದ ಸಿಕ್ಕಿದ್ದೆಲ್ಲ ಓದಿದೆ. ಓದಿದ್ದನ್ನು ಅಪ್ಪನಿಗೆ ಹೇಳಿದೆ. ಅಪ್ಪ ಅದಕ್ಕೆ ತನ್ನದೇ ಅರ್ಥ ಹಚ್ಚಿದ. ಈ ಬರಹದಲ್ಲಿ ಯಾವುದು ಪುಸ್ತಕದ್ದು, ಯಾವುದು ಅಪ್ಪನದ್ದು ಅಂತ ನನಗೇ ಈಗ ಬಿಡಿಸಿ ಹೇಳಲಿಕ್ಕೆ ಕಷ್ಟ.

ನಮ್ಮ ಮನೆ ಅಘನಾಶಿನಿ ಹಿನ್ನೀರಿನ ಬದಿಗೆ. ಅಪ್ಪ ಗಜನಿ ಗದ್ದೆ ಮಾಡಿಕೊಂಡು ಬಂದವನು. ಗಜನಿ ಅಂದರೆ ಹೊಳೆ ಮತ್ತು ಸಮುದ್ರದ ನೀರು ಕೂಡುವ ತಗ್ಗು ಭೂಮಿ. ಸುತ್ತ ಒಡ್ಡು ಕಟ್ಟಿ, ಉಪ್ಪುನೀರು ಹೊರಗಿಟ್ಟು, ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಕಗ್ಗ ಉಪ್ಪು ತಡೆಯುತ್ತದೆ, ನೆರೆ ನೀರಿನಲ್ಲಿ ನಾಲ್ಕು ದಿನ ಮುಳುಗಿದರೂ ಎದ್ದು ನಿಲ್ಲುತ್ತದೆ. ಆದರೆ ಒಡ್ಡು ಹೋದರೆ ಕಗ್ಗವೂ ಇಲ್ಲ, ಏನೂ ಇಲ್ಲ. ಅಪ್ಪನ ಅರ್ಧ ಆಯುಷ್ಯ ಒಡ್ಡಿನ ಮೇಲೆಯೇ ಕಳೆದಿದೆ.

ಕಳೆದ ವರ್ಷ ಕೊಯ್ಲು ಮುಗಿಯುವ ಹೊತ್ತು. ಬೆಳಿಗ್ಗೆ ಒಡ್ಡಿನ ಮೇಲೆ ನಡೆಯುತ್ತಿದ್ದವನಿಗೆ ಎದೆ ಮೇಲೆ ಚಿರೆಕಲ್ಲು ಇಟ್ಟ ಹಾಗಾಯಿತಂತೆ. ಎಡಗೈ ಜೋಮು, ಮೈಯೆಲ್ಲ ಬೆವರು. ಹತ್ತಿರದ ಒಬ್ಬ ಡಾಕ್ಟರ ಹತ್ತಿರ ಹೋದರೆ "ಗ್ಯಾಸ್ ಇರಬೇಕು" ಅಂತ ಒಂದು ಮಾತ್ರೆ ಕೊಟ್ಟು ಕಳಿಸಿದರು. ಇಸಿಜಿ ಇಲ್ಲ, ಏನಿಲ್ಲ. ಅಪ್ಪ ಮನೆಗೆ ಬಂದು ಮಜ್ಜಿಗೆ ಕುಡಿದು ಮಲಗಿದ. ಅಲ್ಲೇ ಮೂರು ತಾಸು ಹೋಯಿತು. ಆಯಿ, ಅಂದರೆ ನನ್ನ ಅಮ್ಮ, ಫೋನ್ ಮಾಡಿದಾಗ ನಾನು ಕ್ಲಾಸಿನಲ್ಲಿದ್ದೆ. ಸರಕಾರಿ ಆಸ್ಪತ್ರೆಗೆ ಮುಟ್ಟಿಸಿದ ಮೇಲೆ ಎಲ್ಲ ಬೇಗ ಬೇಗ ಆಯಿತು. ಇಸಿಜಿ ತೆಗೆದರು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟರು, ಆಂಬ್ಯುಲೆನ್ಸ್ ಹತ್ತಿಸಿದರು. ಆಮೇಲೆ ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತಿರುವ ದಾರಿ. ಹೊನ್ನಾವರದ ಶರಾವತಿ ಸೇತುವೆ, ಭಟ್ಕಳ, ಶಿರೂರು, ಕುಂದಾಪುರ. ಎದೆ ಹಿಡಿದುಕೊಂಡವರು ಹೆಚ್ಚಾಗಿ ಜಿಲ್ಲೆ ದಾಟಬೇಕು. ದಕ್ಷಿಣಕ್ಕೆ ಹೋಗು, ಇಲ್ಲ ಗೋವಾಕ್ಕೆ ಹೋಗು, ಇಲ್ಲ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗು. ಈ ಸಿಟ್ಟನ್ನು ಇಲ್ಲಿ ಶುರು ಮಾಡಿದರೆ ಮುಗಿಯುವುದಿಲ್ಲ. ಬಿಡಿ.

ಆ ಮೂರು ತಾಸಿನಲ್ಲಿ ಒಳಗೆ ಏನಾಯಿತು ಅನ್ನುವುದು ಆಮೇಲೆ ತಿಳಿಯಿತು.

ನಮ್ಮ ಹೃದಯದ ಎಡ ಕೋಣೆಯಲ್ಲಿ ಸುಮಾರು 200ರಿಂದ 400 ಕೋಟಿ ಸ್ನಾಯುಕೋಶ ಇರುತ್ತವೆ. ರಕ್ತನಾಳ ಕಟ್ಟಿಕೊಂಡು ದೊಡ್ಡ ಅಟ್ಯಾಕ್ ಆದರೆ ಕೆಲವೇ ತಾಸಿನಲ್ಲಿ 100 ಕೋಟಿಯವರೆಗೂ ಸಾಯಬಹುದು. ಸತ್ತ ಕೋಶ ಸುಮ್ಮನೆ ಸಾಯುವುದಿಲ್ಲ. ಒಡೆದು ಒಳಗಿನದನ್ನೆಲ್ಲ ಹೊರಗೆ ಚೆಲ್ಲುತ್ತದೆ. ಒಳಗೇ ಇರಬೇಕಾದ ಎಟಿಪಿ ಎಂಬ ಕೋಶದ ಇಂಧನ, ಡಿಎನ್ಎ ತುಂಡು, ಕೆಲವು ಪ್ರೋಟೀನು ಹೊರಗೆ ಸಿಕ್ಕಿದರೆ ದೇಹಕ್ಕೆ ಅದೇ ಬೊಬ್ಬೆ. ಅಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ ಇಲ್ಲ. ಆದರೂ ಮೂಳೆ ಮಜ್ಜೆಯಿಂದ ನ್ಯೂಟ್ರೋಫಿಲ್‌ಗಳು ಹೊರಡುತ್ತವೆ. ಕೆಲವೇ ತಾಸಿನಲ್ಲಿ ಮೊದಲ ತಂಡ ಮುಟ್ಟುತ್ತದೆ, ಒಂದರಿಂದ ಮೂರನೇ ದಿನದೊಳಗೆ ಜಾತ್ರೆ ಸೇರುತ್ತದೆ. ನನ್ನ ಕೈಯಲ್ಲಿದ್ದ 14,600 ಆ ಜಾತ್ರೆಗೆ ಹೊರಟವರ ಲೆಕ್ಕ.

ನ್ಯೂಟ್ರೋಫಿಲ್ ನಾಜೂಕಿನ ಕೆಲಸಗಾರ ಅಲ್ಲ. ಕರಗಿಸುವ ಕಿಣ್ವ ಸುರಿಯುತ್ತದೆ, ಸುಡುವ ಆಮ್ಲಜನಕದ ಕಣ ಉಗುಳುತ್ತದೆ. ಸತ್ತದ್ದನ್ನು ಕಡಿಯುವ ಭರದಲ್ಲಿ ಪಕ್ಕದಲ್ಲಿ ಅರೆಜೀವ ಇರುವುದಕ್ಕೂ ಪೆಟ್ಟು ಹಾಕುತ್ತದೆ. ಅದರ ಆಯುಷ್ಯವೂ ಸಣ್ಣದು. ಬಂದ ಜಾಗದಲ್ಲೇ ಸಾಯುತ್ತದೆ. ಹಾಗಾದರೆ ಅದನ್ನು ತಡೆದುಬಿಟ್ಟರೆ ಒಳ್ಳೆಯದಲ್ವಾ ಅಂತ ಯಾರಿಗಾದರೂ ಅನಿಸುತ್ತದೆ. 2017ರಲ್ಲಿ ಇಲಿಗಳಲ್ಲಿ ನ್ಯೂಟ್ರೋಫಿಲ್ ಇಲ್ಲದ ಹಾಗೆ ಮಾಡಿ ನೋಡಿದರು. ಹೃದಯದ ಕೆಲಸ ಇನ್ನೂ ಕೆಟ್ಟಿತು, ಗಾಯದ ಕಲೆ ಇನ್ನೂ ಜಾಸ್ತಿಯಾಯಿತು. ಮುಂದೆ ಬರುವ ಕೋಶಗಳಿಗೆ "ಹೀಗೆ ಗುಡಿಸು" ಅಂತ ಸೂಚನೆ ಕೊಡುವುದರಲ್ಲೂ ನ್ಯೂಟ್ರೋಫಿಲ್ ಕೈ ಇದೆ ಅಂತ ಅದರಿಂದ ಗೊತ್ತಾಯಿತು.

ಮುಂದೆ ಬರುವವು ಮಾನೋಸೈಟ್ ಎಂಬ ಇನ್ನೊಂದು ಜಾತಿಯ ಬಿಳಿ ಕಣ. ಇವು ಎರಡು ಪಾಳಿಯಲ್ಲಿ ಬರುತ್ತವೆ. ಇಲಿಯ ಹೃದಯದಲ್ಲಿ ಇದನ್ನು ದಿನ ಲೆಕ್ಕ ಹಾಕಿ ತೋರಿಸಿದ್ದು 2007ರಲ್ಲಿ, ಅಮೆರಿಕದಲ್ಲಿ ನಾರೆನ್‌ಡಾರ್ಫ್, ಸ್ವಿರ್ಸ್ಕಿ ಮತ್ತು ಅವರ ಜೊತೆಗಾರರು. ಮೊದಲ ನಾಲ್ಕು ದಿನದ ಪಾಳಿ ಕೆಡವುವವರದ್ದು. ಸತ್ತ ಸ್ನಾಯು, ಸತ್ತ ನ್ಯೂಟ್ರೋಫಿಲ್ ಎಲ್ಲ ತಿಂದು ಜಾಗ ತೆರವು ಮಾಡುತ್ತಾರೆ. ಅದಾದ ಮೇಲಿನ ಪಾಳಿ ಕಟ್ಟುವವರದ್ದು. ಹೊಸ ಸಣ್ಣ ರಕ್ತನಾಳ ಹುಟ್ಟಲಿಕ್ಕೆ, ಕೊಲಾಜೆನ್ ಎಂಬ ನಾರು ಹೆಣೆಯಲಿಕ್ಕೆ ಏರ್ಪಾಡು ಮಾಡುತ್ತಾರೆ. ನಾರು ಹೆಣೆಯುವ ಹೆಚ್ಚಿನ ಕೆಲಸ ಫೈಬ್ರೋಬ್ಲಾಸ್ಟ್ ಎಂಬ ಬೇರೆ ಕೋಶದ್ದು. ಅದನ್ನು ಎಬ್ಬಿಸಿ ಕೂರಿಸುವುದು ಇವರು.

ಇಷ್ಟೊಂದು ಮಾನೋಸೈಟ್ ಒಂದೇ ದಿನದಲ್ಲಿ ಎಲ್ಲಿಂದ ಬಂದವು? ಇದರ ಉತ್ತರ ಓದಿದಾಗ ನಾನು ಕುರ್ಚಿಯಿಂದ ಎದ್ದು ಒಂದು ಸುತ್ತು ಹಾಕಿ ಬಂದೆ. ಗುಲ್ಮದಿಂದ! ಎಡ ಪಕ್ಕೆಯ ಕೆಳಗಿರುವ ಗುಲ್ಮವನ್ನು ನಾನು "ಕೆಂಪು ರಕ್ತಕಣದ ಸ್ಮಶಾನ" ಅಂತ ಮಕ್ಕಳಿಗೆ ಬರೆಸಿದ್ದೇನೆ. ಒಂದು ಅಂಕದ ಪ್ರಶ್ನೆ. ಅಲ್ಲಿ ಮಾನೋಸೈಟುಗಳು ದಾಸ್ತಾನು ಇರುತ್ತವೆ, ಹೃದಯಕ್ಕೆ ಪೆಟ್ಟು ಬಿದ್ದ ಕೂಡಲೇ ಗುಂಪಾಗಿ ಹೊರಡುತ್ತವೆ ಅಂತ ಇಲಿಗಳಲ್ಲಿ ತೋರಿಸಿದ್ದು 2009ರಲ್ಲಿ. ನಾನು ಎಂಎಸ್ಸಿ ಮುಗಿಸಿ ಕೆಲಸಕ್ಕೆ ಸೇರುವ ಹೊತ್ತು. ನಮ್ಮ ನೋಟ್ಸ್ ಮಾತ್ರ ಸ್ಮಶಾನದಲ್ಲೇ ನಿಂತಿದೆ.

ಎಂಎಸ್ಸಿ ಅಂದೆ. ನಾನು ಓದಿದ್ದು ಕಾರವಾರದ ಕೋಡಿಬಾಗದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ. ಕಾಳಿ ಹೊಳೆ ಸಮುದ್ರ ಸೇರುವ ಜಾಗ. ಬಲೆ ಎಳೆದು ತಂದ ನೀರನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟರೆ ನಕ್ಷತ್ರಮೀನಿನ ಮರಿ ಸಿಗುತ್ತಿತ್ತು. ಗಾಜಿನ ಹಾಗೆ ಪಾರದರ್ಶಕ. ಅಂಥದೇ ಮರಿಯ ಮೇಲೆ ಈ ಇಡೀ ವಿದ್ಯೆ ಶುರುವಾಗಿದ್ದು ಅಂತ ನಮ್ಮ ಸರ್ ಹೇಳುತ್ತಿದ್ದರು. 1882ರಲ್ಲಿ ಇಟಲಿಯ ಮೆಸ್ಸಿನಾ ಊರಿನಲ್ಲಿ ಮೆಚ್ನಿಕಾಫ್ ಎಂಬ ರಷ್ಯಾದ ವಿಜ್ಞಾನಿ. ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದಾಗ ಇವನು ಒಬ್ಬನೇ ಕೂತು, ನಕ್ಷತ್ರಮೀನಿನ ಮರಿಯ ಮೈಗೆ ಗುಲಾಬಿ ಮುಳ್ಳು ಚುಚ್ಚಿಟ್ಟ. ಬೆಳಗಾಗುವುದರೊಳಗೆ ಓಡಾಡುವ ಕೋಶಗಳು ಮುಳ್ಳಿನ ಸುತ್ತ ಮುತ್ತಿಕೊಂಡಿದ್ದವು. ಅಲ್ಲೂ ರೋಗಾಣು ಮುಖ್ಯ ಅಲ್ಲ, ಮುಳ್ಳು ಮುಖ್ಯ. ಗಾಯಕ್ಕೇ ಅವು ಓಡಿ ಬಂದಿದ್ದವು. 1908ರಲ್ಲಿ ನೊಬೆಲ್ ಬಂತು. 1916ರಲ್ಲಿ ಹೃದಯ ಸೋತು ತೀರಿಕೊಂಡ. ನಾನು ಪರೀಕ್ಷೆಗೆ ಈ ಕತೆಯನ್ನು ಚೆನ್ನಾಗಿಯೇ ಬರೆದಿದ್ದೆ. ಅಪ್ಪನ ರಿಪೋರ್ಟ್ ಹಿಡಿದಾಗ ನೆನಪಿಗೆ ಬರಲಿಲ್ಲ, ಅಷ್ಟೇ.

ಏಪ್ರಿಲ್ ತಿಂಗಳು. ಅಟ್ಯಾಕ್ ಆಗಿ ಐದು ತಿಂಗಳು ದಾಟಿತ್ತು. ಮಳೆಗೆ ಮೊದಲು ಒಡ್ಡು ರಿಪೇರಿ ಆಗಬೇಕು. ಅಪ್ಪನಿಗೆ ಕೆಲಸ ಮಾಡಲು ಬಿಡುವ ಹಾಗಿಲ್ಲ, ಮನೆಯಲ್ಲಿ ಕೂರಿಸುವ ಹಾಗೂ ಇಲ್ಲ. ಪ್ಲಾಸ್ಟಿಕ್ ಕುರ್ಚಿ ತಂದು ಒಡ್ಡಿನ ಮೇಲೆ ಹಾಕಿದೆವು. ತಲೆಗೆ ಟುವಾಲು ಸುತ್ತಿಕೊಂಡು ಮೇಸ್ತ್ರಿಯ ಹಾಗೆ ಕೂತ.

ಹಿಂದಿನ ಮಳೆಗಾಲದಲ್ಲಿ ಏಡಿ ತೂತು ಕೊರೆದು, ಅದರಲ್ಲಿ ನೀರು ನುಗ್ಗಿ, ಎರಡು ಮಾರು ಒಡ್ಡು ಕುಸಿದಿತ್ತು. ಅಣ್ಣ ಮತ್ತು ಇಬ್ಬರು ಆಳು ಇಳಿದಿದ್ದರು. ಮೊದಲ ದಿನ ಇಡೀ ಬರೀ ತೆಗೆಯುವುದೇ ಆಯಿತು. ಕಪ್ಪು ಕೆಸರು, ಕೊಳೆತ ಹುಲ್ಲು, ಹಳೇ ಗೂಟ, ಸಡಿಲಾದ ಮಣ್ಣು. ಬುಟ್ಟಿ ಬುಟ್ಟಿ ಹೊತ್ತು ಆಚೆ ಹಾಕಿದರು. ವಾಸನೆ ಹೇಳುವ ಹಾಗಿಲ್ಲ. ಸಂಜೆ ನೋಡಿದರೆ ಎರಡು ಮಾರು ಇದ್ದ ಕಂಡಿ ಮೂರು ಮಾರಾಗಿತ್ತು.

"ಇದೆಂತ ಅಪ್ಪ, ರಿಪೇರಿಯೋ ಹಾಳು ಮಾಡೂದೋ?" ಅಂದೆ.

"ಕೊಳೆತದ್ದರ ಮೇಲೆ ಹೊಸ ಮಣ್ಣು ಕೂರೂದಿಲ್ಲ ಕೂಸೇ. ಗಟ್ಟಿ ಮಣ್ಣು ಸಿಗೂವರೆಗೆ ತೆಗಿಬೇಕು. ತೆಗಿವಾಗ ಸ್ವಲ್ಪ ಒಳ್ಳೇದೂ ಹೋಗ್ತದೆ, ಹೋಗ್ಲಿ. ಅವಸರ ಮಾಡಿ ಮೇಲೆ ಮುಚ್ಚಿದ್ರೆ ಅಮಾಸೆ ಭರತಕ್ಕೆ ಮತ್ತೆ ಒಡೀತದೆ." ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ, "ಆದ್ರೆ ಇವರಿಗೆ ಸಾಕು ಅಂತ ಹೇಳೂಕೆ ಒಬ್ಬ ಬೇಕು. ಇಲ್ದಿದ್ರೆ ಇಡೀ ಒಡ್ಡು ಕಡಿದು ಹಾಕ್ತ್ರು."

ನಾನು ಐದು ತಿಂಗಳು ಓದಿದ್ದು ಇಷ್ಟೇ.

ಅಲ್ಲೇ ಕೂತು ಅವನಿಗೆ ನ್ಯೂಟ್ರೋಫಿಲ್ ಮತ್ತು ಮಾನೋಸೈಟ್ ಕತೆ ಹೇಳಿದೆ. ಕೆಡವುವ ಪಾಳಿ, ಕಟ್ಟುವ ಪಾಳಿ. "ಸಾಕು" ಅಂತ ಹೇಳುವವನು ಹೃದಯದಲ್ಲಿ ಯಾರು ಅಂತ ಕೇಳಿದ. ಅದು ಬಹಳ ಚಂದದ ಪ್ರಶ್ನೆ. ಉತ್ತರವೂ ಚಂದ ಇದೆ. ಮಾನೋಸೈಟ್ ಗಾಯದ ಜಾಗಕ್ಕೆ ಬಂದ ಮೇಲೆ ಮ್ಯಾಕ್ರೋಫೇಜ್ ಎಂಬ ಕಸ ತಿನ್ನುವ ಕೋಶ ಆಗುತ್ತದೆ. ಅದು ಒಂದು ಸತ್ತ ನ್ಯೂಟ್ರೋಫಿಲನ್ನು ತಿಂದಿತು ಅಂದರೆ ಅದರ ಸ್ವಭಾವವೇ ಬದಲಾಗುತ್ತದೆ. ಉರಿ ಹೆಚ್ಚಿಸುವ ರಾಸಾಯನಿಕ ಬಿಡುವುದನ್ನು ಕಡಿಮೆ ಮಾಡಿ, ತಣಿಸುವ ರಾಸಾಯನಿಕ ಬಿಡಲು ಶುರು ಮಾಡುತ್ತದೆ. ಕಸ ತಿನ್ನುವುದೇ ಸೂಚನೆ. ಜೊತೆಗೆ ನಿಯಂತ್ರಕ ಟಿ ಕೋಶ ಅಂತ ಇನ್ನೊಂದು ಜಾತಿ ಬಂದು ಉಳಿದವರನ್ನು ಸುಮ್ಮನಿರಿಸುತ್ತದೆ.

"ಅವಕ್ಕೆ ಕೂಲಿ ಯಾರು ಕೊಡ್ತ್ರು?" ಅಂದ ಅಪ್ಪ.

"ಊಟ ಹಾಕ್ತೀಯಲ್ಲ, ಅದೇ."

"ಅದೂ ಉಪ್ಪಿಲ್ಲದ ಊಟ," ಅಂತ ಆಯಿ ಕಡೆ ನೋಡಿದ.

ಸಾಕು ಅನ್ನುವವರು ತಡ ಮಾಡಿದರೆ ಏನಾಗುತ್ತದೆ ಅನ್ನುವುದೂ ಗೊತ್ತಿರುವ ಸಂಗತಿ. ಈ ಕೆಡವುವ ಗಲಾಟೆ, ಅಂದರೆ ಉರಿಯೂತ, ವಾರಗಟ್ಟಲೆ ಎಳೆದರೆ ಹೃದಯದ ಗೋಡೆ ತೆಳುವಾಗುತ್ತಾ, ಕೋಣೆ ಹಿಗ್ಗುತ್ತಾ ಹೋಗುತ್ತದೆ. ಆಮೇಲೆ ಹೃದಯ ಸೋಲುವ ಕಾಯಿಲೆ. ಬರೀ ಹೃದಯಕ್ಕಲ್ಲ, ಬೇರೆ ರಕ್ತನಾಳಗಳಲ್ಲಿ ಮೊದಲೇ ಕೂತ ಕೊಬ್ಬಿನ ಗಂಟೂ ಈ ಗಲಾಟೆಯಲ್ಲಿ ಬೆಳೆಯುತ್ತದೆ ಅಂತ 2012ರಲ್ಲಿ ಇಲಿಗಳಲ್ಲಿ ತೋರಿಸಿದರು. ಒಂದು ಅಟ್ಯಾಕ್ ಆದವರಿಗೆ ಎರಡನೆಯದರ ಭಯ ಯಾಕೆ ಜಾಸ್ತಿ ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು. ಅಪ್ಪ ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ತಪ್ಪಿಸಿದಾಗೆಲ್ಲ ನಾನು ಈ ಇಲಿ ಕತೆ ತೆಗೆಯುತ್ತೇನೆ.

ಅವಸರ ಮಾಡಿ ಮುಚ್ಚಿದರೆ ಏನಾಗುತ್ತದೆ ಅನ್ನುವುದಕ್ಕೂ ಕತೆ ಇದೆ, ಮತ್ತು ಅದು ಇಲಿ ಕತೆ ಮಾತ್ರ ಅಲ್ಲ. 1970ರ ದಶಕದಲ್ಲಿ ಕೆಲವು ಡಾಕ್ಟರರಿಗೆ ಅನಿಸಿತು, ಉರಿಯೂತ ಪೆಟ್ಟು ಮಾಡುತ್ತದೆ ಅಂತಾದರೆ ಸ್ಟೀರಾಯ್ಡ್ ಕೊಟ್ಟು ಅದನ್ನು ಆರಿಸಿಬಿಡೋಣ ಅಂತ. ನ್ಯಾಯವಾದ ಯೋಚನೆಯೇ. ರೋಗಿಗಳಿಗೆ ಮೀಥೈಲ್‌ಪ್ರೆಡ್ನಿಸೊಲೋನ್ ಕೊಟ್ಟು ನೋಡಿದರು. 1976ರಲ್ಲಿ ಬಂದ ವರದಿ ಒಳ್ಳೆಯದಿರಲಿಲ್ಲ. ಪದೇ ಪದೇ ಡೋಸ್ ಕೊಟ್ಟವರಲ್ಲಿ ಹಾನಿ ಹೆಚ್ಚಿತ್ತು, ಹೃದಯದ ಬಡಿತ ತಪ್ಪುವುದೂ ಹೆಚ್ಚಿತ್ತು. 1978ರಲ್ಲಿ ನಾಯಿಗಳ ಹೃದಯ ತೆರೆದು ನೋಡಿದವರು ಕಂಡದ್ದು ಇನ್ನೂ ವಿಚಿತ್ರ. ಸತ್ತ ಸ್ನಾಯು ಕರಗಿ ಹೋಗದೆ, ಒಣಗಿಸಿಟ್ಟ ಹೆಣದ ಹಾಗೆ, ಇದ್ದಲ್ಲೇ ಇತ್ತು. ಗುಡಿಸುವವರೇ ಬರಲಿಲ್ಲ. ಕೊಳೆತದ್ದು ತೆಗೆಯದೆ ಮೇಲೆ ಮಣ್ಣು ಹಾಕಿದ ಒಡ್ಡು.

ಗೋಡೆ ಎಲ್ಲಕ್ಕಿಂತ ಮೆತ್ತಗಿರುವುದು ಮೊದಲ ವಾರ. ಹಳೆಯದು ಹೋಗಿರುತ್ತದೆ, ಹೊಸ ನಾರು ಇನ್ನೂ ಗಟ್ಟಿಯಾಗಿರುವುದಿಲ್ಲ. ಅಪರೂಪಕ್ಕೆ ಆ ದಿನಗಳಲ್ಲಿ ಗೋಡೆಯೇ ಹರಿದು ಜೀವ ಹೋಗುವುದುಂಟು. ಈಗ ಬೇಗ ರಕ್ತನಾಳ ಬಿಡಿಸುವುದರಿಂದ ಅದು ಬಹಳ ಕಡಿಮೆಯಾಗಿದೆ. ಕಲೆ ಪೂರ್ತಿ ಗಟ್ಟಿಯಾಗಲು ವಾರಗಳು ಬೇಕು. ಅಪ್ಪನಿಗೆ ಆರು ವಾರ ಭಾರ ಎತ್ತಬೇಡ ಅಂದಿದ್ದರು. ಅವನು ಮೂರನೇ ವಾರಕ್ಕೇ ತೆಂಗಿನಕಾಯಿ ಗೋಣಿಗೆ ಕೈ ಹಾಕಿದ್ದು ಬೇರೆ ವಿಷಯ. ಆಯಿ ಆವತ್ತು ಇಡೀ ದಿನ ಮಾತಾಡಲಿಲ್ಲ.

ಇದೇ ಸಾಲಿನಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಜಗಳ ಹೇಳಬೇಕು. ಅಪ್ಪನಿಗೆ ಮೊಣಕಾಲು ನೋವು ಹಳೆಯದು. ಡೈಕ್ಲೊಫೆನಾಕ್ ಮಾತ್ರೆ ಅಂದರೆ ಅವನಿಗೆ ಎಲೆಅಡಿಕೆ ಇದ್ದ ಹಾಗೆ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆಯೂ ಕೊಡುತ್ತಾರೆ. ಡಿಸ್ಚಾರ್ಜ್ ಮಾಡುವಾಗ ಡಾಕ್ಟರು ಎರಡು ಸಲ ಹೇಳಿದ್ದರು, ಆಸ್ಪಿರಿನ್ ನಾವು ಕೊಟ್ಟಿದ್ದು ತಪ್ಪಿಸಬೇಡಿ, ಆದರೆ ಡೈಕ್ಲೊಫೆನಾಕ್, ಐಬುಪ್ರೊಫೇನ್ ಜಾತಿಯ ನೋವಿನ ಮಾತ್ರೆ ಮುಟ್ಟಬೇಡಿ ಅಂತ. ಅಟ್ಯಾಕ್ ಆದವರಲ್ಲಿ ಅವು ಇನ್ನೊಂದು ಅಟ್ಯಾಕಿನ ಅಪಾಯ ಹೆಚ್ಚಿಸುತ್ತವೆ. ಜನವರಿಯಲ್ಲಿ ಅಡಿಕೆ ಡಬ್ಬಿಯ ತಳದಲ್ಲಿ ಅರ್ಧ ಖಾಲಿಯಾದ ಪಟ್ಟಿ ಸಿಕ್ಕಿತು. "ಇದು ಕಾಲಿಗೆ, ಎದೆಗಲ್ಲ" ಅಂದ. ಮಾತ್ರೆಗೆ ಎದೆ ಯಾವುದು ಕಾಲು ಯಾವುದು ಅಂತ ಹೇಗೆ ಗೊತ್ತಾಗಬೇಕು? ನಾನು ಪಟ್ಟಿ ತೆಗೆದುಕೊಂಡು ಹೋದೆ. ಈಗ ಎಣ್ಣೆ ತಿಕ್ಕಿಕೊಳ್ಳುತ್ತಾನೆ, ಡಾಕ್ಟರು ಬರೆದ ಪ್ಯಾರಾಸಿಟಮಾಲ್ ತಗೊಳ್ಳುತ್ತಾನೆ, ದಿನಕ್ಕೆ ಒಮ್ಮೆ ನನ್ನನ್ನು ಬೈಯುತ್ತಾನೆ.

ಇನ್ನೊಂದು ಸಂಗತಿ, ನಿದ್ದೆ. ಮನೆಗೆ ಬಂದ ಮೊದಲ ವಾರ ಅಪ್ಪ ಸುಮ್ನೆ ಮಲಗಿಯೇ ಇರುತ್ತಿದ್ದ. ಊಟಕ್ಕೆ ಎದ್ದರೆ ಎದ್ದ, ಮತ್ತೆ ನಿದ್ದೆ. ನಮಗೆ ಹೆದರಿಕೆ. ಊರಿನವರೂ ನೆಂಟರೂ ಬಿಡಲೊಲ್ಲರು. ಹಣ್ಣಿನ ಚೀಲ ಹಿಡಿದು ಬರುತ್ತಾರೆ, "ಮಲಗಿದಾರಾ? ಒಂದು ಸಲ ಮಾತಾಡಿಸಿ ಹೋಗ್ತೇವೆ" ಅನ್ನುತ್ತಾರೆ, ಎಬ್ಬಿಸುತ್ತಾರೆ, ತಮ್ಮ ಭಾವನಿಗೆ ಆದ ಬೈಪಾಸಿನ ಕತೆ ಮುಕ್ಕಾಲು ತಾಸು ಹೇಳುತ್ತಾರೆ. ಆಮೇಲೆ ಓದಿದೆ. 2024ರ ಕೊನೆಗೆ ಬಂದ ಸಂಶೋಧನೆ. ಹೃದಯಾಘಾತ ಆದ ಇಲಿಗಳಲ್ಲಿ ಒಂದಿಷ್ಟು ಮಾನೋಸೈಟ್ ನೇರ ಮಿದುಳಿಗೆ ಹೋಗಿ ಗಾಢ ನಿದ್ದೆ ಬರಿಸುತ್ತವೆ. ಆ ನಿದ್ದೆಯಿಂದ ಹೃದಯದ ಉರಿಯೂತ ಕಡಿಮೆಯಾಗುತ್ತದೆ. ನಿದ್ದೆ ಕೆಡಿಸಿದ ಇಲಿಗಳ ಹೃದಯ ಹೆಚ್ಚು ಹಾಳಾಯಿತು. ಮನುಷ್ಯರಲ್ಲೂ, ಅಟ್ಯಾಕ್ ಆದ ನಂತರದ ವಾರಗಳಲ್ಲಿ ಸರಿಯಾಗಿ ನಿದ್ದೆ ಮಾಡದವರ ಚೇತರಿಕೆ ಕೆಟ್ಟದಿತ್ತು. ಮೊದಲೇ ಗೊತ್ತಿದ್ದರೆ ಬಾಗಿಲಿಗೆ ಬೋರ್ಡ್ ಹಾಕುತ್ತಿದ್ದೆ: ಮಾನೋಸೈಟ್ ಮಲಗಿಸಿದ್ದನ್ನು ಯಾರೂ ಎಬ್ಬಿಸಬಾರದು.

ಹಾಗಾದರೆ ಸ್ಟೀರಾಯ್ಡಿನಷ್ಟು ಒರಟಲ್ಲದ, ಬೇಕಾದಷ್ಟೇ ತಣಿಸುವ ಔಷಧ ಇಲ್ಲವಾ? ಹುಡುಕುತ್ತಿದ್ದಾರೆ. 2017ರಲ್ಲಿ 10,061 ಜನರ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ, ಉರಿಯೂತದ ಒಂದೇ ಒಂದು ಸಂಕೇತವನ್ನು ಹಿಡಿದು ನಿಲ್ಲಿಸುವ ಕೆನಕಿನುಮ್ಯಾಬ್ ಎಂಬ ಇಂಜೆಕ್ಷನ್ ಕೊಟ್ಟರು. ಎಲ್ಲರೂ ಹಿಂದೆ ಅಟ್ಯಾಕ್ ಆದವರೇ. ಮತ್ತೆ ಅಟ್ಯಾಕ್, ಪಾರ್ಶ್ವವಾಯು ಆಗುವುದು ಶೇಕಡಾ 15ರಷ್ಟು ಇಳಿಯಿತು. ಕೊಲೆಸ್ಟರಾಲ್ ಇಳಿಸದೆಯೇ ಇಳಿಯಿತು. ಆದರೆ ಸೋಂಕಿನಿಂದ ಸಾಯುವವರು ಹೆಚ್ಚಾದರು. ಕಾವಲಿನವರನ್ನು ಮಲಗಿಸಿದರೆ ಕಳ್ಳರು ಬರದೆ ಇರುತ್ತಾರಾ?

ಎರಡನೆಯದು ಕಾಲ್ಚಿಸಿನ್. ಇದರ ಹೆಸರು ಓದಿದ ಕೂಡಲೇ ನನಗೆ ನಮ್ಮ ಬೇಲಿ ನೆನಪಾಯಿತು. ಮಳೆಗಾಲದಲ್ಲಿ ಬೇಲಿ ಮೇಲೆ ಹಬ್ಬಿ, ಬೆಂಕಿ ನಾಲಗೆಯ ಹಾಗೆ ಕೆಂಪು ಹಳದಿ ಎಸಳು ಮೇಲೆತ್ತಿ ನಿಲ್ಲುವ ಗೌರಿ ಹೂವು ಗೊತ್ತಲ್ವಾ? ಅಗ್ನಿಶಿಖೆ ಅಂತಲೂ ಹೇಳುತ್ತಾರೆ. ಚೌತಿಗೆ ಗಣಪತಿಯ ಮೇಲೆ ಫಲಾವಳಿ ಕಟ್ಟುವಾಗ ಅದೂ ಬೇಕು. ಅದರ ಗಡ್ಡೆ, ಬೀಜದಲ್ಲಿ ಇರುವುದು ಇದೇ ಕಾಲ್ಚಿಸಿನ್. ಗಡ್ಡೆ ಮಹಾ ವಿಷ, ತಿಂದು ಸತ್ತವರಿದ್ದಾರೆ. ಯಾರೂ ಇದನ್ನು ಓದಿ ಬೇಲಿ ಕಡೆ ಹೋಗಬೇಡಿ. ಗೌಟ್ ಎಂಬ ಕೀಲುನೋವಿಗೆ ಅಳತೆ ಮಾಡಿ ಬಹಳ ಕಾಲದಿಂದ ಕೊಡುತ್ತಾರೆ. 2019ರಲ್ಲಿ, ಅಟ್ಯಾಕ್ ಆಗಿ 30 ದಿನದೊಳಗಿನ 4,745 ಜನರಿಗೆ ದಿನಕ್ಕೆ 0.5 ಮಿಲಿಗ್ರಾಂ ಕೊಟ್ಟು ನೋಡಿದಾಗ ಲಾಭ ಕಂಡಿತು. ಎಲ್ಲರಿಗೂ ಖುಷಿ. 2024ರಲ್ಲಿ 7,062 ಜನರ ಇನ್ನೊಂದು ಪರೀಕ್ಷೆ ಬಂತು, ಲಾಭ ಕಾಣಲಿಲ್ಲ. ಈಗ ಡಾಕ್ಟರರ ನಡುವೆ ವಾದ ನಡೆದಿದೆ. ಅಪ್ಪನಿಗೆ ಕೊಟ್ಟಿಲ್ಲ. ನಾನು ಕೇಳಿದಾಗ ಡಾಕ್ಟರು "ಸದ್ಯಕ್ಕೆ ಬೇಡ" ಅಂದರು.

ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲವಾ ಅಂತ ಆಯಿ ಕೇಳಿದ್ದಳು. ಕೈ ಕೊಯ್ದುಕೊಂಡರೆ ಚರ್ಮ ಬರುತ್ತದಲ್ಲ. ಇದಕ್ಕೆ ಉತ್ತರ ಸಿಕ್ಕಿದ್ದು ಅಣುಬಾಂಬಿನಿಂದ. 1963ರವರೆಗೆ ಬಯಲಲ್ಲಿ ನಡೆದ ಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣ ಸೂಸುವ ಇಂಗಾಲ ಏರಿತು, ಆಮೇಲೆ ಇಳಿಯುತ್ತಾ ಬಂತು. ಕೋಶ ಹುಟ್ಟಿದ ವರ್ಷದ ಕಾರ್ಬನ್ ಅದರ ಡಿಎನ್ಎಯಲ್ಲಿ ಉಳಿಯುತ್ತದೆ. ಅದನ್ನು ಅಳೆದು 2009ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಲೆಕ್ಕ ಹಾಕಿದರು. 25ರ ವಯಸ್ಸಿನಲ್ಲಿ ವರ್ಷಕ್ಕೆ ಶೇಕಡಾ 1ರಷ್ಟು ಹೃದಯದ ಸ್ನಾಯುಕೋಶ ಹೊಸದಾಗುತ್ತದೆ, 75ಕ್ಕೆ ಅದು 0.45. ಅಪ್ಪನಿಗೆ 63. ಅವನ ಲೆಕ್ಕ ಎಷ್ಟಕ್ಕೆ ಬಂತು ನೀವೇ ನೋಡಿ.

ಜೀಬ್ರಾ ಮೀನಿಗೆ ಈ ತೊಂದರೆ ಇಲ್ಲ. ನಮ್ಮ ದೇಶದ ಹಳ್ಳ, ಗದ್ದೆ ನೀರಿನದೇ ಸಣ್ಣ ಪಟ್ಟೆ ಮೀನು. ಹೃದಯದ ಕೋಣೆಯ ಶೇಕಡಾ 20 ಕತ್ತರಿಸಿ ತೆಗೆದರೂ ಎರಡು ತಿಂಗಳಲ್ಲಿ ಪೂರ್ತಿ ಬೆಳೆಸಿಕೊಳ್ಳುತ್ತದೆ ಅಂತ 2002ರಲ್ಲಿ ತೋರಿಸಿದರು. ಹುಟ್ಟಿದ ಮರುದಿನದ ಇಲಿ ಮರಿಗೂ ಆ ಶಕ್ತಿ ಇದೆ, ಏಳನೇ ದಿನಕ್ಕೆ ಹೋಗಿರುತ್ತದೆ. ಈ ಮರಿಗಳಲ್ಲಿ ಮ್ಯಾಕ್ರೋಫೇಜ್ ತೆಗೆದುಬಿಟ್ಟರೆ ಹೃದಯ ಬೆಳೆಯುವುದಿಲ್ಲ, ಬರೀ ಕಲೆ ಕಟ್ಟುತ್ತದೆ. 2014ರ ಮಾತು. ಅದೇ ಜಾತಿಯ ಕೋಶ ಮರಿಯಲ್ಲಿ ಸ್ನಾಯು ಬೆಳೆಸಲು ಜೊತೆಯಾಗುತ್ತದೆ, ದೊಡ್ಡವರಲ್ಲಿ ಕಲೆ ಕಟ್ಟಲು ಜೊತೆಯಾಗುತ್ತದೆ. ಕಲಿತದ್ದನ್ನು ಮರೆತ ಕೋಶಕ್ಕೆ ಮತ್ತೆ ನೆನಪು ಮಾಡಿಸಬಹುದಾ ಅಂತ ಎಷ್ಟೋ ಪ್ರಯೋಗಾಲಯಗಳು ಹಿಂದೆ ಬಿದ್ದಿವೆ.

ಆಯಿಗೆ ಇದು ಸಮಾಧಾನ ಕೊಡಲಿಲ್ಲ. "ಅಂದ್ರೆ ಅಲ್ಲಿ ಈಗ ಬರೀ ಕಲೆ?" ಅಂದಳು. ಅಪ್ಪನೇ ಉತ್ತರ ಕೊಟ್ಟ. "ಒಡ್ಡಿನ ಮೇಲೆ ಭತ್ತ ಬೆಳೀತದನೇ? ಇಲ್ಲ. ಅದು ಭತ್ತ ಬೆಳಿಯೂಕಲ್ಲ ಇರೂದು."

ಮೊದಲ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಅಪ್ಪನ ಹೃದಯ ಪಂಪ್ ಮಾಡುವ ಪ್ರಮಾಣ ಶೇಕಡಾ 35 ಇತ್ತು. ಮೂರು ತಿಂಗಳಿಗೆ 44. ನಾವು ಪಾಯಸ ಮಾಡಿದೆವು. ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು, ಇದು ಹೊಸ ಸ್ನಾಯು ಅಲ್ಲ. ಪೆಟ್ಟಿಗೆ ಮರಗಟ್ಟಿ ಕೆಲಸ ನಿಲ್ಲಿಸಿದ್ದ ಸುತ್ತಲಿನ ಸ್ನಾಯು ಎಚ್ಚರ ಆಗಿದ್ದು. ಕಲೆಯ ಜಾಗ ಹಾಗೇ ಇದೆ. ಪಾಯಸ ಅಷ್ಟರಲ್ಲಿ ಮುಗಿದಿತ್ತು.

ಈ ಚೌತಿಯ ಮುಂಚಿನ ವಾರ ಮತ್ತೆ ಎಕೋ ಮಾಡಿಸಿದೆವು. 46. ಈ ಸಲ ನಾನು ಒಳಗೇ ನಿಂತಿದ್ದೆ. ಕಪ್ಪು ಬಿಳಿ ಪರದೆಯಲ್ಲಿ ಎಡ ಕೋಣೆ ಹಿಂಡಿ ಬಿಡುತ್ತಿತ್ತು, ಹಿಂಡಿ ಬಿಡುತ್ತಿತ್ತು. ಮುಂದಿನ ಗೋಡೆಯ ತುದಿ ಹತ್ತಿರ ಒಂದು ತುಂಡು ಮಾತ್ರ ಸುಮ್ಮನೆ ನಿಂತಿತ್ತು, ಉಳಿದದ್ದಕ್ಕಿಂತ ಸ್ವಲ್ಪ ತೆಳ್ಳಗೆ, ಸ್ವಲ್ಪ ಬೆಳ್ಳಗೆ. ಪಕ್ಕದ ಗೋಡೆ ಎಳೆದಾಗ ಅದೂ ಜೊತೆಗೆ ಅಷ್ಟು ಸರಿಯುತ್ತಿತ್ತು. ಜೆಲ್ ಹಚ್ಚಿದ ಎದೆಯಲ್ಲಿ, ಎಡ ಮಗ್ಗುಲಿಗೆ ಮಲಗಿದ್ದ ಅಪ್ಪ ಕುತ್ತಿಗೆ ತಿರುಗಿಸಿ ನೋಡಿದ. "ಸೋರೂದಿಲ್ಲ ಅಲ್ಲ?" ಅಂತ ಡಾಕ್ಟರನ್ನು ಕೇಳಿದ. ಅವರಿಗೆ ಅರ್ಥ ಆಗಲಿಲ್ಲ. ನಾನು ಹೇಳಿದೆ, ಇಲ್ಲ ಅಪ್ಪ, ಸೋರೂದಿಲ್ಲ.

ಮುಂದಿನ ತಪಾಸಣೆ ಜನವರಿಯಲ್ಲಿ. ಅಷ್ಟರಲ್ಲಿ ಕಗ್ಗದ ಕೊಯ್ಲು ಮುಗಿದಿರುತ್ತದೆ. ಈ ವರ್ಷ ತಾನೂ ಗದ್ದೆಗೆ ಇಳಿಯುತ್ತೇನೆ ಅಂತ ಅಪ್ಪ, ಇಳಿದರೆ ತಾನು ತವರಿಗೆ ಹೋಗುತ್ತೇನೆ ಅಂತ ಆಯಿ. ಸದ್ಯಕ್ಕೆ ಪ್ಲಾಸ್ಟಿಕ್ ಕುರ್ಚಿ ಇನ್ನೂ ಒಡ್ಡಿನ ಮೇಲೆಯೇ ಇದೆ. ಒಂದು ಕಾಲು ಮಣ್ಣಿನಲ್ಲಿ ಹೂತಿದೆ. ಗುಲ್ಮದ ಬಗ್ಗೆ ನನ್ನ ನೋಟ್ಸ್ ಕೂಡ ಇನ್ನೂ ತಿದ್ದಿಲ್ಲ. ಸೋಮವಾರ ಸೆಕೆಂಡ್ ಪಿಯುಗೆ ಅದೇ ಪಾಠ ಇದೆ.